ಆಕ್ಯುಪೇಷನಲ್ ಥೆರಪಿ ತಕ್ಕ ವೃತ್ತಿಯೇ? – ಎರಡು ಬಾರಿ ಮಾಡಿದ ಒಂದು ಪಾಠ

ತರಗತಿ: 10
ಅವಧಿ: 40 ನಿಮಿಷ
ಸಾಮಗ್ರಿ: ಗುಂಡಿಯಿರುವ ನಾಲ್ಕು ಹಳೆಯ ಅಂಗಿಗಳು, ಕಪ್ಪುಹಲಗೆ

ಹಿನ್ನೆಲೆ: ಅಭ್ಯಾಸ ಬೋಧನೆಯಲ್ಲಿ ನಾನು ನರವ್ಯೂಹದ ಪಾಠ ಮಾಡುತ್ತಿದ್ದೆ. ಮೆದುಳಿನ ಎಡಭಾಗಕ್ಕೆ ಪೆಟ್ಟಾದರೆ ದೇಹದ ಬಲಭಾಗ ಸೋಲುತ್ತದೆ ಎಂದಾಗ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತಳು. ಅವಳ ತಾತನಿಗೆ ಲಕ್ವ ಹೊಡೆದಿತ್ತು. ಮುದ್ದೆ ಮುರಿದು ತಿನ್ನುವುದನ್ನು ಅವರಿಗೆ ಮತ್ತೆ ಕಲಿಸಿದವರು ಆಕ್ಯುಪೇಷನಲ್ ಥೆರಪಿಸ್ಟ್. "ಅದು ಒಳ್ಳೇ ಕೆಲ್ಸಾನಾ ಮಿಸ್? ನಾನು ಓದ್ಬಹುದಾ?" ಎಂದು ಕೇಳಿದಳು. "ಖಂಡಿತ, ಸೇವೆಯ ಕೆಲಸ, ತುಂಬಾ ತೃಪ್ತಿ ಸಿಗುತ್ತೆ" ಎಂದುಬಿಟ್ಟೆ. ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ಮಾರ್ಗದರ್ಶಕ ಶಿಕ್ಷಕರು ಅವಲೋಕನ ಪುಸ್ತಕದಲ್ಲಿ ಬರೆದದ್ದು ಒಂದೇ ಸಾಲು: "ಉತ್ತರ ಹೇಳಿದಿರಿ, ಯೋಚಿಸಲು ಬಿಡಲಿಲ್ಲ." ಮರುವಾರ ಅದೇ ಪ್ರಶ್ನೆಯನ್ನೇ ಪಾಠವಾಗಿಸಿದೆ.

ಪೀಠಿಕೆ: ನಾಲ್ವರು ವಿದ್ಯಾರ್ಥಿಗಳು ಬಲಗೈ ಬೆನ್ನ ಹಿಂದೆ ಇಟ್ಟುಕೊಂಡು ಎಡಗೈಯಿಂದಲೇ ಅಂಗಿಯ ಗುಂಡಿ ಹಾಕಬೇಕು. ಮೊದಲು ನಗು, ಆಮೇಲೆ ಸಿಟ್ಟು. "ಇದನ್ನು ದಿನವೂ ಮಾಡಬೇಕಾದರೆ?" ಎಂದು ಕೇಳಿದಾಗ ತರಗತಿ ಸುಮ್ಮನಾಯಿತು.

ವಿಷಯ ನಿರೂಪಣೆ: 'ವೃತ್ತಿ ಚಿಕಿತ್ಸೆ' ಎಂಬ ಅನುವಾದ ಮಕ್ಕಳನ್ನು ದಾರಿ ತಪ್ಪಿಸುತ್ತದೆ, ನೌಕರಿ ಕೊಡಿಸುವ ಚಿಕಿತ್ಸೆ ಎಂದುಕೊಂಡವರಿದ್ದರು. ಇಲ್ಲಿ 'ಆಕ್ಯುಪೇಷನ್' ಎಂದರೆ ದಿನವನ್ನು ತುಂಬುವ ಎಲ್ಲ ಕೆಲಸ: ಸ್ನಾನ, ಊಟ, ಬರವಣಿಗೆ, ಆಟ, ಸಂಪಾದನೆ. ಫಿಸಿಯೋಥೆರಪಿ ಮುಖ್ಯವಾಗಿ ಚಲನೆ, ಬಲಗಳ ಮೇಲೆ ಗಮನವಿಟ್ಟರೆ, ಇದು ಆ ಕೈಯಿಂದ ಲೋಟ ಹಿಡಿಯುವುದು ಹೇಗೆ ಎಂದು ನೋಡುತ್ತದೆ. ಬೇಕಾದರೆ ಲೋಟಕ್ಕೆ ದಪ್ಪ ಹಿಡಿ ಹಾಕಿ ವಸ್ತುವನ್ನೇ ಬದಲಿಸುತ್ತದೆ. ಭಾರತದಲ್ಲಿ ಇದರ ಶಿಕ್ಷಣ 1950ರಲ್ಲಿ ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ಕಮಲಾ ನಿಂಬ್ಕರ್ ಅವರಿಂದ ಆರಂಭವಾಯಿತು.

ಚಟುವಟಿಕೆ: ಹಲಗೆಯ ಮೇಲೆ ಎರಡು ಕಾಲಂ ಎಳೆದು ಗುಂಪುಗಳಿಂದ ತುಂಬಿಸಿದೆ.

ಒಪ್ಪುವ ಅಂಶಗಳು: ಲಕ್ವವಾದವರು, ಆಟಿಸಂ ಇರುವ ಮಕ್ಕಳು, ಮಾನಸಿಕ ಕಾಯಿಲೆಯಿಂದ ಚೇತರಿಸಿಕೊಳ್ಳುವವರು – ಹೀಗೆ ಬಗೆಬಗೆಯ ಜನರೊಡನೆ ಕೆಲಸ. ಆಸ್ಪತ್ರೆ, ವಿಶೇಷ ಶಾಲೆ, ಪುನರ್ವಸತಿ ಕೇಂದ್ರ ಎಲ್ಲೆಡೆಯೂ ಅಗತ್ಯವಿದೆ. 2021ರ ರಾಷ್ಟ್ರೀಯ ಕಾಯಿದೆಯ ವ್ಯಾಪ್ತಿಗೆ ಈ ವೃತ್ತಿಯೂ ಬರುತ್ತದೆ.

ತಡೆಯುವ ಅಂಶಗಳು: ಪಿಯುಸಿ ವಿಜ್ಞಾನದ ನಂತರ ಬಿಒಟಿ ಪದವಿಗೆ ನಾಲ್ಕು ವರ್ಷ ಓದು, ಮೇಲೆ ಇಂಟರ್ನ್‌ಶಿಪ್. ಮಣಿಪಾಲದಂಥ ಕಡೆ ಕೋರ್ಸ್ ಇದೆ, ಎಲ್ಲ ಊರಲ್ಲಿಲ್ಲ. ಕೆಲಸಗಳು ಹೆಚ್ಚಾಗಿ ನಗರಗಳಲ್ಲಿ. ಸುಧಾರಣೆ ತಿಂಗಳುಗಟ್ಟಲೆ ಹಿಡಿಯುತ್ತದೆ, ಕೆಲವೊಮ್ಮೆ ಆಗುವುದೇ ಇಲ್ಲ. ಎತ್ತಿ ಕೂರಿಸುವ ಮೈಕೆಲಸವೂ ಇದೆ.

ಮೌಲ್ಯಮಾಪನ: 'ಈ ಕೆಲಸ ನನಗೆ ಹೊಂದುತ್ತದೆಯೇ? ಎರಡು ಕಾರಣ ಕೊಡಿ' ಎಂದು ಬರೆಯಿಸಿದೆ. 'ಹೌದು', 'ಇಲ್ಲ' ಎರಡಕ್ಕೂ ಅಂಕವಿಲ್ಲ, ಕಾರಣಕ್ಕೆ ಮಾತ್ರ. ಒಬ್ಬ ಹುಡುಗ ಬರೆದ: "ನನಗೆ ತಾಳ್ಮೆ ಇಲ್ಲ. ಗುಂಡಿ ಹಾಕುವಾಗಲೇ ಗೊತ್ತಾಯಿತು." ಆ ದಿನದ ಅತ್ಯಂತ ಪ್ರಾಮಾಣಿಕ ಉತ್ತರ ಅದು.

ಮನನ: ತರಗತಿ ಮುಗಿದ ಮೇಲೆ ಆ ಹುಡುಗಿ ಬಂದಳು. "ತಾತನ ಮೇಲಿರೋ ಪ್ರೀತಿ ಬೇರೆ, ಗುರುತಿಲ್ಲದವರಿಗೆ ದಿನಾ ಇದನ್ನ ಮಾಡೋದು ಬೇರೆ, ಅಲ್ವಾ ಮಿಸ್?" ಹೌದೆಂದೆ. ರಜೆಯಲ್ಲಿ ತಾತನ ಜೊತೆ ಹೋದಾಗ ಬೇರೆ ರೋಗಿಗಳ ಚಿಕಿತ್ಸೆಯನ್ನೂ, ಅನುಮತಿ ಕೇಳಿ, ಒಂದು ದಿನ ಪೂರ್ತಿ ನೋಡು ಎಂದು ಹೇಳಿ ಕಳಿಸಿದೆ. ಅವಳಿನ್ನೂ ತೀರ್ಮಾನಿಸಿಲ್ಲ. ಮೊದಲ ಪಾಠದಲ್ಲಿ ಅವಳ ಪರವಾಗಿ ನಾನೇ ತೀರ್ಮಾನಿಸಿದ್ದೆ. ವೃತ್ತಿ ಮಾರ್ಗದರ್ಶನದ ಪಾಠ ಮಾಡುವ ಸಹಪಾಠಿಗಳಿಗೆ ನನ್ನ ಸಲಹೆ ಇಷ್ಟೇ: ವೃತ್ತಿಯನ್ನು ಹೊಗಳುವ ಮುನ್ನ ಅದರ ಒಂದು ದಿನವನ್ನು ಮಕ್ಕಳ ಕೈಗೆ ಕೊಡಿ.