ಮರೆಯಲ್ಲಿರುವ ಗೆಲಾಕ್ಸಿ ಕೇಂದ್ರ: ಕ್ಷ-ಕಿರಣದ ಒಂದು ಪಾಠ

ಕಾರವಾರ ಮತ್ತು ಅಂಕೋಲಾದ ಪ್ರೌಢಶಾಲೆಗಳಲ್ಲಿ 9ನೇ ತರಗತಿಗೆ ಮಾಡಿದ ಪಾಠವಿದು.

ಪೀಠಿಕೆ: ಜೋರು ಮಳೆಯಲ್ಲಿ ದೇವಗಡ ದ್ವೀಪದ ದೀಪಸ್ತಂಭ ಕಾಣದಿದ್ದರೆ ದೀಪ ಆರಿದೆ ಎನ್ನಬಹುದೇ? ಮಕ್ಕಳು ‘ಇಲ್ಲ’ ಎಂದರು. ಒಬ್ಬಳು ಕೇಳಿದಳು: “ಸರ್, ಬೆಳಕೇ ಬರದಿದ್ದರೆ ಒಳಗೆ ಏನೋ ಇದೆ ಅಂತ ಹೇಗೆ ಗೊತ್ತಾಗ್ತದೆ?” ಪಾಠದ ತಿರುಳು ಈ ಪ್ರಶ್ನೆಯೇ.

ನಿರೂಪಣೆ: ಕೆಲವು ಗೆಲಾಕ್ಸಿಗಳ ನಡುವಿನ ಬೃಹತ್ ಕಪ್ಪುಕುಳಿಯತ್ತ ಬೀಳುವ ಅನಿಲ ಕಾದು ಪ್ರಖರವಾಗಿ ಹೊಳೆಯುತ್ತದೆ. ಸುತ್ತಲಿನ ದಟ್ಟ ಅನಿಲ, ಧೂಳು ಗೋಚರ ಬೆಳಕನ್ನೂ ಕಡಿಮೆ ಶಕ್ತಿಯ ಕ್ಷ-ಕಿರಣಗಳನ್ನೂ ಹೀರುತ್ತವೆ. ಸುಮಾರು 10 ಕಿಲೋ ಎಲೆಕ್ಟ್ರಾನ್‌ವೋಲ್ಟ್ ಮೀರಿದ ಕ್ಷ-ಕಿರಣಗಳು ಬಹುತೇಕ ಮರೆಗಳನ್ನು ದಾಟಿ ಬರುತ್ತವೆ. ಇಂಥವನ್ನು ಹಿಡಿಯಲು ನಾಸಾದ ನ್ಯೂಸ್ಟಾರ್ (2012), ಇಸ್ರೋದ ಆಸ್ಟ್ರೋಸ್ಯಾಟ್ (28 ಸೆಪ್ಟೆಂಬರ್ 2015) ಬಾಹ್ಯಾಕಾಶಕ್ಕೆ ಹೋದವು. 2014ರ ಆಗಸ್ಟ್‌ನಲ್ಲಿ ಎನ್‌ಜಿಸಿ 1068 ಗೆಲಾಕ್ಸಿಯಿಂದ 20 ಕಿಲೋ ಎಲೆಕ್ಟ್ರಾನ್‌ವೋಲ್ಟ್ ಮೀರಿದ ಕಿರಣಗಳು ಹೆಚ್ಚಿದ್ದನ್ನು ನ್ಯೂಸ್ಟಾರ್ ಕಂಡಿತು. ಮರೆ ಸ್ವಲ್ಪ ತೆಳುವಾಗಿ ಒಳಗಿನ ಹೊಳಪು ಹೊರಬಂದಿತೆಂದು ವಿಜ್ಞಾನಿಗಳು ವಿವರಿಸಿದರು.

ಶಿಕ್ಷಕರ ಗಮನಕ್ಕೆ: ಅಂಗೈಗೆ ಟಾರ್ಚ್ ಹಿಡಿದು ತೋರಿಸಿದರೆ ಕೆಂಪು ಬೆಳಕು ದಾಟುತ್ತದೆ. ಗೋಚರ ಬೆಳಕಿನಲ್ಲಿ ಕೆಂಪಿನ ಶಕ್ತಿ ಕಡಿಮೆ. ಆದ್ದರಿಂದ ‘ಶಕ್ತಿ ಕಡಿಮೆಯಿದ್ದರೆ ದಾಟುತ್ತದೆ’ ಎಂದು ಮಕ್ಕಳು ತಿಳಿಯದಂತೆ, ಕ್ಷ-ಕಿರಣದಲ್ಲಿ ಇದು ತಿರುವುಮುರುವು ಎಂದು ಅಲ್ಲಿಯೇ ಹೇಳಬೇಕು.

ಮೌಲ್ಯಮಾಪನ: ಈ ದೂರದರ್ಶಕಗಳನ್ನು ಎತ್ತರದ ಬೆಟ್ಟದ ಮೇಲೆ ಇಟ್ಟರೆ ಸಾಲದೇಕೆ? (ನಿರೀಕ್ಷಿತ ಉತ್ತರ: ಮೇಲಿನ ವಾಯುಮಂಡಲವೇ ಕ್ಷ-ಕಿರಣಗಳನ್ನು ಹೀರುತ್ತದೆ.)