ನಮ್ಮ ಸೀಮೆಯ ಮನೆಯೂಟ ಮತ್ತು ನಾಲಗೆಯ ರುಚಿ

‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎಂಬ ಗಾದೆಯನ್ನು ಕೇಳದವರಿಲ್ಲ. ಉಡುವ ಬಟ್ಟೆಯನ್ನು ನಾಲ್ವರು ಮೆಚ್ಚಬೇಕು, ಉಣ್ಣುವ ಊಟವನ್ನು ನಾವು ಮೆಚ್ಚಿದರೆ ಸಾಕು ಎಂಬುದು ಅದರ ತಾತ್ಪರ್ಯ. ಆದರೆ ಈ ‘ಇಚ್ಛೆ’ ಎಂಬುದು ಎಲ್ಲಿಂದ ಬಂತು? ಹುಟ್ಟುವಾಗಲೇ ಯಾರೂ ಮುದ್ದೆಯ ರುಚಿಯನ್ನಾಗಲಿ ಅನ್ನದ ರುಚಿಯನ್ನಾಗಲಿ ನಾಲಗೆಯ ಮೇಲೆ ಹೊತ್ತು ತರುವುದಿಲ್ಲವಷ್ಟೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಸೀಮೆಯ ಮನೆಯೂಟವನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ವಿಚಾರಿಸುವುದು ನನ್ನ ಉದ್ದೇಶ. ನಾನು ಮಾಗಡಿ ಕಡೆಯ ಒಕ್ಕಲು ಮನೆಯವನು. ಆದ್ದರಿಂದ ಉದಾಹರಣೆಗಳನ್ನು ನಮ್ಮ ಅಡುಗೆಮನೆಯಿಂದಲೇ ಎತ್ತಿಕೊಂಡರೆ ವಾಚಕರು ಮನ್ನಿಸಬೇಕು.

ಮೊದಲನೆಯದಾಗಿ, ರುಚಿಯನ್ನು ಕಲಿಸುವುದು ನೆಲ. ನಮ್ಮದು ಬಂಡೆಗಳ ನಡುವಣ ಕೆಂಪು ಮಣ್ಣಿನ ಸೀಮೆ. ಕೆರೆಯ ಕೆಳಗೆ, ನಾಲೆಯ ಬಯಲಲ್ಲಿ ಗದ್ದೆಗಳುಂಟು. ಉಳಿದ ಹೊಲಗಳು ಮಳೆಯನ್ನೇ ನಂಬಿವೆ. ಇಂಥ ನೆಲಕ್ಕೆ ಒಗ್ಗಿದ ಧಾನ್ಯ ರಾಗಿ. ಇದರ ಮೂಲ ಆಫ್ರಿಕಾದ ಪೂರ್ವ ಭಾಗದ ಎತ್ತರದ ಪ್ರದೇಶಗಳೆಂದು ವಿದ್ವಾಂಸರು ಹೇಳುತ್ತಾರೆ. ದೂರದಿಂದ ಬಂದ ಈ ಧಾನ್ಯ ಸಾವಿರಾರು ವರ್ಷಗಳಲ್ಲಿ ನಮ್ಮದೇ ಆಗಿಹೋಗಿದೆ. ಹುಳು ಬೀಳದೆ ವರ್ಷಾನುಗಟ್ಟಲೆ ನಿಲ್ಲುವುದರಿಂದ ಹಿಂದಿನವರು ಇದನ್ನು ನೆಲದೊಳಗಿನ ಹಗೇವುಗಳಲ್ಲಿ ತುಂಬಿ, ಬರಗಾಲಕ್ಕೆಂದು ಕಾಪಾಡುತ್ತಿದ್ದರು.

ರಾಗಿ ಹೊಲದಲ್ಲಿ ಒಂಟಿಯಾಗಿರುವುದಿಲ್ಲ. ನಡುನಡುವೆ ಅಕ್ಕಡಿ ಸಾಲುಗಳಲ್ಲಿ ಅವರೆ, ತೊಗರಿ, ಹುಚ್ಚೆಳ್ಳುಗಳನ್ನು ಹಾಕುವುದು ರೂಢಿ. ರಾಗಿ ಕೊಯ್ಲಾಗುವ ಹೊತ್ತಿಗೆ ಅವರೆಕಾಯಿಯ ಕಾಲ. ಆಗ ಮಾಗಡಿಯ ಸೊಗಡಿನ ಅವರೆ ಪೇಟೆಗೆಲ್ಲ ಹರಡುತ್ತದೆ, ಮನೆಗಳಲ್ಲಿ ಮುದ್ದೆ ಮತ್ತು ಅವರೆಕಾಳು ಸಾರು. ಹೊಲದಲ್ಲಿ ಜೊತೆಗೆ ಬೆಳೆದದ್ದು ತಟ್ಟೆಯಲ್ಲಿಯೂ ಜೊತೆಗೂಡುತ್ತದೆ! ಆಹಾರಶಾಸ್ತ್ರ ಈ ಜೋಡಿಯನ್ನು ಒಪ್ಪುತ್ತದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 7 ಗ್ರಾಂ ಸಸಾರಜನಕವಿದ್ದರೂ ಅದರಲ್ಲಿ ಲೈಸಿನ್ ಎಂಬ ಅಂಶ ಕಡಿಮೆ. ಆ ಕೊರತೆಯನ್ನು ಕಾಳುಗಳು ತುಂಬುತ್ತವೆ. ಶಾಸ್ತ್ರ ಓದದ ನಮ್ಮ ಅಜ್ಜಿಯರು ಇದನ್ನು ಕಂಡುಕೊಂಡಿದ್ದು ರುಚಿಯ ದಾರಿಯಿಂದ.

ಎರಡನೆಯದಾಗಿ, ರುಚಿಯನ್ನು ರೂಪಿಸುವುದು ಅಡುಗೆಯ ಕ್ರಮ. ಗೋಧಿ ಹಿಟ್ಟಿನಲ್ಲಿರುವ ಅಂಟು ರಾಗಿ ಹಿಟ್ಟಿನಲ್ಲಿಲ್ಲ. ಅದನ್ನು ತಣ್ಣೀರಿನಲ್ಲಿ ನಾದಿ ತೆಳ್ಳಗೆ ಎಳೆಯಲಾಗದು. ಆದ್ದರಿಂದ ಕುದಿಯುವ ಎಸರಿಗೆ ಮೊದಲು ಸ್ವಲ್ಪ ಹಿಟ್ಟನ್ನು ಕಲಸಿಬಿಟ್ಟು, ಅದು ಉಕ್ಕಿ ಬಂದಾಗ ಉಳಿದ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿದು, ಬೇಯಗೊಟ್ಟು, ಆಮೇಲೆ ಕೋಲಿನಿಂದ ತಿರುವಬೇಕು. ಬಿಸಿನೀರಿನಲ್ಲಿ ಹಿಟ್ಟಿನ ಪಿಷ್ಟ ಉಬ್ಬಿ ಅಂಟಿಕೊಳ್ಳುವುದೇ ಮುದ್ದೆಯ ಗುಟ್ಟು. ತಿರುವುವ ತೋಳಿಗೆ ಬಲವಿಲ್ಲದಿದ್ದರೆ ಗಂಟು ಉಳಿಯುತ್ತದೆ. ಮುದ್ದೆಯನ್ನು ಅಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ನುಂಗುತ್ತೇವೆ. ಆದುದರಿಂದಲೇ ನಮ್ಮ ಸಾರುಗಳು ಜಾರುವಂತೆ ನೀರಾಗಿರುತ್ತವೆ.

ಸಾರಿನ ವಿಷಯದಲ್ಲಿ ನಮ್ಮ ಹೆಂಗಸರ ಮಿತವ್ಯಯವನ್ನು ಎಷ್ಟು ಹೊಗಳಿದರೂ ಸಾಲದು. ಬಸ್ಸಾರನ್ನೇ ನೋಡಿ. ಸೊಪ್ಪು, ಕಾಳು ಬೇಯಿಸಿ ಬಸಿದ ನೀರು ಸಾರಿಗೆ, ಬಸಿದು ಉಳಿದದ್ದು ಪಲ್ಯಕ್ಕೆ. ಒಂದೇ ಪಾತ್ರೆಯಿಂದ ಎರಡು ವ್ಯಂಜನ. ಮಸ್ಸೊಪ್ಪಿನಲ್ಲಿ ಬೇಳೆಯನ್ನೂ ಸೊಪ್ಪನ್ನೂ ಮಸೆದು ಒಂದು ಮಾಡುತ್ತಾರೆ. ಸೊಪ್ಪಿಗೆ ಪೇಟೆಗೇ ಹೋಗಬೇಕೆಂದಿಲ್ಲ. ದಂಟು, ಕೀರೆಗಳ ಜೊತೆಗೆ ಹೊಲದ ಬದುವಿನ ಅಣ್ಣೆ, ಗಣಿಕೆ, ಹೊನಗೊನ್ನೆಗಳೆಲ್ಲ ಸೇರಿ ಬೆರಕೆ ಸೊಪ್ಪಾಗುತ್ತದೆ. ರೇಷ್ಮೆ ಸಾಕುವ ಮನೆಗಳಲ್ಲಿ ಹುಳುಗಳು ಕೊನೆಯ ಜ್ವರದಿಂದ ಎದ್ದ ಮೇಲೆ ಹಗಲಿರುಳು ಸೊಪ್ಪು ಹಾಕುವ ಕೆಲಸ. ಆ ದಿನಗಳಲ್ಲಿ ಹೆಚ್ಚು ಅರೆಯುವ ಸಾರಿಗೆ ಬಿಡುವೆಲ್ಲಿ? ಉಪ್ಪುಸಾರೇ ಗತಿ.

ಈ ಉಪ್ಪುಸಾರಿನಲ್ಲಿ ನನಗೊಂದು ದೊಡ್ಡ ತತ್ತ್ವ ಕಾಣುತ್ತದೆ. ಇದರ ಸಾರಿಗೆ ಉಪ್ಪು ಮಾತ್ರ. ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಹುಣಿಸೆ ಅರೆದ ಖಾರವನ್ನು ಬೇರೆಯಾಗಿ ಇಟ್ಟಿರುತ್ತಾರೆ. ಉಣ್ಣುವವನು ತನ್ನ ತಟ್ಟೆಯಲ್ಲಿ ಬೇಕಾದಷ್ಟು ಕಲಸಿಕೊಳ್ಳುತ್ತಾನೆ. ನಮ್ಮ ಅಪ್ಪನಿಗೆ ಕಣ್ಣಲ್ಲಿ ನೀರು ಬರುವಷ್ಟು ಖಾರ ಬೇಕು, ಅಜ್ಜಿಗೆ ಬೆರಳ ತುದಿಯಷ್ಟು ಸಾಕು, ತಮ್ಮನಿಗೆ ಬೇಡವೇ ಬೇಡ. ಒಂದೇ ಒಲೆ, ಒಂದೇ ಪಾತ್ರೆ; ಆದರೂ ಪ್ರತಿಯೊಬ್ಬನಿಗೂ ತನ್ನಿಚ್ಛೆ! ಬಡತನದ ಮನೆಯಲ್ಲಿ ಎಲ್ಲರ ನಾಲಗೆಗೂ ಮರ್ಯಾದೆ ಕೊಡುವ ಉಪಾಯ ಇದಕ್ಕಿಂತ ಬೇರೆ ಉಂಟೆ?

ಮೂರನೆಯದಾಗಿ, ರುಚಿಯಲ್ಲಿ ಅಂತಸ್ತಿನ ಅಭಿಮಾನವೂ ಬೆರೆತಿದೆ. ಇದು ಇಂದಿನದಲ್ಲ. 16ನೆಯ ಶತಮಾನದ ಕನಕದಾಸರ ‘ರಾಮಧಾನ್ಯ ಚರಿತೆ’ಯಲ್ಲಿ ಅಕ್ಕಿಗೂ ರಾಗಿಗೂ ಹಿರಿತನದ ವಾದ ಬೀಳುತ್ತದೆ. ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಲಾಗಿ, ಅಕ್ಕಿ ಕಳೆಗುಂದುತ್ತದೆ, ರಾಗಿ ಗಟ್ಟಿಯಾಗಿ ನಿಲ್ಲುತ್ತದೆ, ರಾಮನ ಮನ್ನಣೆ ರಾಗಿಗೆ ಸಲ್ಲುತ್ತದೆ. ಕಾವ್ಯದಲ್ಲಿ ರಾಗಿ ಗೆದ್ದರೂ ಲೋಕದಲ್ಲಿ ಬಹುಕಾಲ ಅನ್ನವೇ ದೊಡ್ಡವರ ಊಟವೆನಿಸಿತು. ನೆಂಟರು ಬಂದರೆ ಅನ್ನ, ಹಬ್ಬಕ್ಕೆ ಅನ್ನ, ಹಸಿವಿಗೆ ಮುದ್ದೆ. 2013ರಲ್ಲಿ ಅನ್ನಭಾಗ್ಯ ಯೋಜನೆ ಬಂದು ಬಡವರ ಹೊಟ್ಟೆ ತುಂಬಿದ್ದು ಸಾಮಾನ್ಯ ಉಪಕಾರವಲ್ಲ. ಅದರೊಡನೆ ಅನ್ನ ನಿತ್ಯದ ಊಟವಾಗುವುದೂ ಸುಲಭವಾಯಿತು.

ಈಗ ಗಾಳಿ ತಿರುಗಿದೆ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಸಾರಿತು. ಹೆದ್ದಾರಿಯ ಹೋಟೆಲುಗಳಲ್ಲಿ ಪಟ್ಟಣಿಗರು ಕಾರು ನಿಲ್ಲಿಸಿ ಮುದ್ದೆ ಕೇಳುತ್ತಾರೆ. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಮಿಗಿಲಾಗಿ ಸುಣ್ಣದ ಅಂಶವಿದೆ. ಅಷ್ಟೇ ತೂಕದ ಪಾಲಿಷ್ ಅಕ್ಕಿಯಲ್ಲಿ ಸುಮಾರು 10 ಮಿಲಿಗ್ರಾಂ ಮಾತ್ರ. ಮೊಳಕೆ ಕಟ್ಟಿದ ರಾಗಿಯಲ್ಲಿ ಈ ಅಂಶ ದೇಹಕ್ಕೆ ಇನ್ನೂ ಚೆನ್ನಾಗಿ ದಕ್ಕುತ್ತದೆ. ಆದರೆ ರಾಗಿಯನ್ನು ಸಕ್ಕರೆ ಕಾಯಿಲೆಗೆ ಮದ್ದೆಂದು ಬಗೆಯುವುದು ಸರಿಯಲ್ಲ. ನುಣ್ಣಗೆ ಬೀಸಿದ ಹಿಟ್ಟಿನ ದೊಡ್ಡ ಮುದ್ದೆಯೂ ರಕ್ತದ ಸಕ್ಕರೆಯನ್ನು ಏರಿಸುತ್ತದೆ. ದಿನವಿಡೀ ನೇಗಿಲ ಹಿಂದೆ ನಡೆದ ತಾತನ ಮುದ್ದೆಯ ಗಾತ್ರ, ಬೆಂಚಿನ ಮೇಲೆ ಕುಳಿತಿರುವ ನಮಗೆ ಒಪ್ಪದು. ಮುದ್ದೆ ಚಿಕ್ಕದಾಗಲಿ, ಸೊಪ್ಪುಕಾಳು ಹೆಚ್ಚಾಗಲಿ.

ಕೊನೆಯದಾಗಿ ಒಂದು ಮಾತು. ಈ ಲೇಖನಕ್ಕೆಂದು ಮನೆಯವರ ಇಷ್ಟಗಳನ್ನು ಕೇಳಿ ಬರೆದುಕೊಂಡಾಗ ಎಲ್ಲರೂ ಥಟ್ಟನೆ ಉತ್ತರ ಕೊಟ್ಟರು. ಅಮ್ಮ ಮಾತ್ರ, “ನನ್ನಿಷ್ಟ ಏನ್ಲಾ, ಮಾಡಿದ್ದರಲ್ಲಿ ಉಳಿದದ್ದು” ಎಂದು ನಕ್ಕಳು. ಬಲವಂತ ಮಾಡಿದ ಮೇಲೆ, ಹಿದುಕಿದ ಬೇಳೆ ಸಾರು ತನಗೆ ಪ್ರಾಣವೆಂದೂ, ಕಾಳು ನೆನೆಹಾಕಿ ಒಂದೊಂದನ್ನೇ ಹಿದುಕಲು ಕೈ ಸಾಲದೆಂದು ತಾನಾಗಿ ಅದನ್ನು ಮಾಡುವುದಿಲ್ಲವೆಂದೂ ಹೇಳಿದಳು. ಅಪ್ಪನಿಗೆ ಗಟ್ಟಿ ಮುದ್ದೆ, ಅಜ್ಜಿಗೆ ಮೆತ್ತನೆಯದು, ತಮ್ಮನಿಗೆ ಅನ್ನ ಎಂದು ಮೂರು ಬಗೆ ಬೇಯಿಸುವವಳಿಗೆ ತನ್ನಿಚ್ಛೆಯ ಊಟವಿಲ್ಲ! ಗಾದೆಯ ‘ತನ್ನಿಚ್ಛೆ’ ಎಂಬ ಮಾತು ಉಣ್ಣುವವರಿಗೆ ಸಂದಿದೆಯೇ ಹೊರತು ಅಡುವವರಿಗೆ ಸಂದಿಲ್ಲ. ಆ ಭಾನುವಾರ ನಾನೂ ತಮ್ಮನೂ ಕುಳಿತು ಕಾಳು ಹಿದುಕಿದೆವು. ಬೆರಳುಗಳ ನೋವು ಮರುದಿನವೂ ಇತ್ತು.

ಆದುದರಿಂದ ಸಹಪಾಠಿ ಮಿತ್ರರಲ್ಲಿ ನನ್ನ ವಿನಂತಿ ಇಷ್ಟೆ. ನಮ್ಮ ರುಚಿ ನಮ್ಮೊಬ್ಬರದೇ ಅಲ್ಲ. ಅದರಲ್ಲಿ ನೆಲ, ಮಳೆ, ಅಂತಸ್ತು, ತಾಯಂದಿರ ತೋಳಿನ ಬಲ ಎಲ್ಲವೂ ಸೇರಿವೆ. ಹಾಸ್ಟೆಲಿನಲ್ಲಾಗಲಿ ನೆಂಟರ ಮನೆಯಲ್ಲಾಗಲಿ ಮುದ್ದೆ ಉಣ್ಣಲು ನಾಚಬೇಡಿರಿ. ಬದುವಿನ ಸೊಪ್ಪುಗಳ ಹೆಸರನ್ನು ಬಲ್ಲ ಹಿರಿಯರಿರುವಾಗಲೇ ಕೇಳಿ ಕಲಿಯಿರಿ. ಪುಸ್ತಕದಲ್ಲಿ ಓದಿ ಸೊಪ್ಪಿನ ಗುರುತು ಹಿಡಿಯುವುದು ಕಷ್ಟ. ಹುಡುಗರೂ ಮುದ್ದೆಯ ಕೋಲು ಹಿಡಿಯಲಿ. ಉಂಡೆದ್ದು ಹೋಗುವ ಮುನ್ನ, ಅಡುಗೆ ಮಾಡಿದವರಿಗೆ ಏನು ಇಷ್ಟವೆಂದು ಒಮ್ಮೆಯಾದರೂ ಕೇಳಿರಿ.