ಕಾರಿನ ಬಾಗಿಲು ಮುಟ್ಟಿದರೆ ಚಟ್ ಎನ್ನುವುದೇಕೆ?

ಪ್ರಶ್ನೆ: ಚಳಿಗಾಲದಲ್ಲಿ ಕಾರಿನಿಂದ ಇಳಿದು ಬಾಗಿಲು ಮುಟ್ಟಿದಾಗಲೆಲ್ಲ ಶಾಕ್ ಹೊಡೆಯುತ್ತದೆ. ನನ್ನ ದೇಹದಲ್ಲೇ ಏನಾದರೂ ದೋಷವಿದೆಯೇ?
– ಓದುಗರು, ಕಲಬುರಗಿ

ಉತ್ತರ: ಇಲ್ಲ, ಧೈರ್ಯವಾಗಿರಿ. ಸೀಟಿನಿಂದ ಏಳುವಾಗ ನಿಮ್ಮ ಬಟ್ಟೆ ಸೀಟಿನ ಹೊದಿಕೆಗೆ ಉಜ್ಜಿ ಬೇರ್ಪಡುತ್ತದೆ. ಆಗ ಎಲೆಕ್ಟ್ರಾನುಗಳು ಒಂದರಿಂದ ಇನ್ನೊಂದಕ್ಕೆ ಹೋಗುತ್ತವೆ; ಮೈಮೇಲೆ ವಿದ್ಯುದಾವೇಶ ಉಳಿಯುತ್ತದೆ; ಇದೇ ಸ್ಥಿರ ವಿದ್ಯುತ್ತು. ರಬ್ಬರ್ ಅಟ್ಟೆಯ ಚಪ್ಪಲಿ ಅದನ್ನು ನೆಲಕ್ಕೆ ಇಳಿಯಲು ಬಿಡುವುದಿಲ್ಲ. ಲೋಹ ಮುಟ್ಟಿದೊಡನೆ ಅಷ್ಟೂ ಒಮ್ಮೆಲೇ ಕಿಡಿಯಾಗಿ ಹರಿಯುತ್ತದೆ. ಆ ಕಿಡಿ ನಮ್ಮ ಅರಿವಿಗೆ ಬರಲು ಸುಮಾರು 3,000 ವೋಲ್ಟ್ ಬೇಕು! ಆದರೂ ಆವೇಶದ ಪ್ರಮಾಣ ತೀರಾ ಕಡಿಮೆ, ಅವಧಿ ಕ್ಷಣದ ಸಣ್ಣ ಅಂಶ, ಹಾಗಾಗಿ ಅಪಾಯವಿಲ್ಲ. ಮಳೆಗಾಲದ ತೇವ ಗಾಳಿಯಲ್ಲಿ ಆವೇಶ ಸೋರಿಹೋಗುವುದರಿಂದ ಈ ಕಾಟ ಕಡಿಮೆ.

ಶಾಕ್ ತಪ್ಪಿಸಲು, ಇಳಿಯುವ ಮೊದಲೇ ಬಾಗಿಲಿನ ಲೋಹದ ಚೌಕಟ್ಟು ಹಿಡಿದುಕೊಂಡು, ಹಾಗೆಯೇ ನೆಲಕ್ಕೆ ಕಾಲಿಡಿ. ಹತ್ತಿ ಬಟ್ಟೆ ತೊಡಿ. ಪೆಟ್ರೋಲ್ ಬಂಕಿನಲ್ಲಿ ಮಾತ್ರ ಈ ಕಿಡಿ ಅಪಾಯಕಾರಿ, ಆವಿಗೆ ಬೆಂಕಿ ತಗಲಬಹುದು.

ಇನ್ನೊಂದು ಮಾತು. ಸ್ಥಿರ ವಿದ್ಯುತ್ತು ಒಮ್ಮೆ ಚಟ್ ಎಂದು ಮುಗಿಯುತ್ತದೆ. ಗೀಸರ್, ವಾಷಿಂಗ್ ಮಷೀನ್ ಮುಟ್ಟಿದಷ್ಟು ಹೊತ್ತೂ ಜುಮ್ಮೆಂದರೆ ಅದು ಕರೆಂಟ್ ಸೋರಿಕೆ. ತಕ್ಷಣ ಮೇನ್ ಸ್ವಿಚ್ ಆರಿಸಿ, ಎಲೆಕ್ಟ್ರಿಷಿಯನ್ ಅವರನ್ನು ಕರೆಸಿ, ಅರ್ತಿಂಗ್ ಪರೀಕ್ಷಿಸಿಕೊಳ್ಳಿ.